ಯಕೃತ್ತಿನ ಹೈಡಾಟಿಡ್ ಗುಳ್ಳೆ: ಯಾವುದಕ್ಕೆ ಕತ್ತರಿ, ಯಾವುದಕ್ಕೆ ಸೂಜಿ, ಯಾವುದಕ್ಕೆ ಬರೀ ಮಾತ್ರೆ

ಮಧ್ಯ ಕರ್ನಾಟಕದ ರೋಗಿಗಳಿಗೆ ದಾವಣಗೆರೆ ದೊಡ್ಡಾಸ್ಪತ್ರೆಗಳ ಊರು. ಜಗಳೂರು, ಹರಪನಹಳ್ಳಿ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಸ್ಕ್ಯಾನಿಂಗ್ ಕೇಂದ್ರಗಳ ಮುಂದೆ ಕಾಯುವವರಲ್ಲಿ ಕುರಿ ಸಾಕಿದ ಮನೆಗಳವರು ಇದ್ದೇ ಇರುತ್ತಾರೆ. ಬಲ ಪಕ್ಕೆಯ ಕೆಳಗೆ ಭಾರ, ಉಂಡ ಮೇಲೆ ಹೊಟ್ಟೆ ಬಿಗಿತ ಎಂದು ಬಂದವರಲ್ಲಿ ಕೆಲವರಿಗೆ ‘ಯಕೃತ್ತಿನಲ್ಲಿ ಹೈಡಾಟಿಡ್ ಸಿಸ್ಟ್’, ಅಂದರೆ ನಾಯಿಯ ಲಾಡಿಹುಳುವಿನಿಂದ ಆಗುವ ನೀರ್ಗುಳ್ಳೆ, ಎಂಬ ವರದಿ ಸಿಗುತ್ತದೆ. ವರದಿ ಕೈಗೆ ಬಂದ ಕೂಡಲೇ ಮನೆಯವರು ಕೇಳುವುದು ಎರಡೇ ಪ್ರಶ್ನೆ. ಆಪರೇಷನ್ ಯಾವಾಗ? ಎಷ್ಟು ಖರ್ಚಾಗುತ್ತದೆ?

ಇವೆರಡಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಈ ಗುಳ್ಳೆ ಈಗ ಯಾವ ಹಂತದಲ್ಲಿದೆ? ಉತ್ತರ ಸಿಗದೆ ಮುಂದಿನ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು. ಒಂದೇ ಹೆಸರಿನ ಈ ಕಾಯಿಲೆಯಲ್ಲಿ ಒಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದೀತು, ಇನ್ನೊಬ್ಬರಿಗೆ ಸೂಜಿಯಲ್ಲಿ ನೀರು ತೆಗೆದರೆ ಸಾಕು, ಮತ್ತೊಬ್ಬರಿಗೆ ಕೆಲವು ತಿಂಗಳ ಮಾತ್ರೆ, ಮಗದೊಬ್ಬರಿಗೆ ಏನನ್ನೂ ಮಾಡದೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಹೋಗುವುದೇ ಸರಿಯಾದ ಚಿಕಿತ್ಸೆ. ಬೇಡದವರಿಗೆ ಹೊಟ್ಟೆ ಕೊಯ್ಯುವುದೂ ಬೇಕಾದವರಿಗೆ ಕೊಯ್ಯದೆ ದಿನ ತಳ್ಳುವುದೂ ಎರಡೂ ಅಪಾಯ. ಕುರಿಯನ್ನೇ ನಂಬಿ ಬದುಕುವ ಕುಟುಂಬಗಳು ಇಷ್ಟೊಂದು ಇರುವ ದಾವಣಗೆರೆ, ಚಿತ್ರದುರ್ಗ ಈ ಎರಡು ಜಿಲ್ಲೆಗಳಲ್ಲಿ ಈ ತಿಳಿವಳಿಕೆ ಆಸ್ಪತ್ರೆಯ ಗೋಡೆಯೊಳಗೇ ಉಳಿದುಬಿಟ್ಟಿದೆ ಎಂಬುದು ನನ್ನ ಸಂಕಟ.

ಮೊದಲು ಹುಳುವಿನ ವಿಚಾರ. ಎಕಿನೋಕಾಕಸ್ ಗ್ರ್ಯಾನ್ಯುಲೋಸಸ್ ಎಂಬ ಈ ಲಾಡಿಹುಳು ಬೆಳೆದು ನಿಲ್ಲುವುದು ನಾಯಿಯ ಕರುಳಿನಲ್ಲಿ. ಉದ್ದ ಕೆಲವೇ ಮಿಲಿಮೀಟರ್, ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಒಂದು ನಾಯಿಯೊಳಗೆ ಇವು ಸಾವಿರಗಟ್ಟಲೆ ಇರಬಲ್ಲವು, ಆದರೂ ನಾಯಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ. ನಾಯಿಯ ಮಲದಲ್ಲಿ ಹೊರಬೀಳುವ ಮೊಟ್ಟೆ ಹುಲ್ಲಿಗೆ, ಮಣ್ಣಿಗೆ, ನೀರಿಗೆ, ಸೊಪ್ಪು ತರಕಾರಿಗೆ ಸೇರುತ್ತದೆ. ನಾಯಿಯ ಮೈಗೂದಲಿಗೆ, ಮೂತಿಗೆ ಅಂಟಿಕೊಳ್ಳುತ್ತದೆ. ಮೊಟ್ಟೆ ಬಿದ್ದ ಹುಲ್ಲನ್ನು ಕುರಿ ಮೇಯುತ್ತದೆ. ಕುರಿಯ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಗುಳ್ಳೆಯಾಗುತ್ತದೆ. ಆ ಕುರಿಯನ್ನು ಕೊಯ್ದಾಗ ಗುಳ್ಳೆಯಿರುವ ಭಾಗವನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿಯಾಗುತ್ತದೆ. ಗುಳ್ಳೆಯನ್ನು ನಾಯಿಗೆ ತಿನ್ನಿಸಿದರೆ ಅದರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಫಾನ್ ಸೀಬೋಲ್ಡ್ 1853ರಲ್ಲೇ ತೋರಿಸಿಕೊಟ್ಟಿದ್ದರು.

ಮನುಷ್ಯ ಈ ಚಕ್ರದೊಳಗೆ ತಪ್ಪಿ ಬಿದ್ದವನು. ಮೊಟ್ಟೆ ನಮ್ಮ ಬಾಯಿ ಸೇರಿದರೆ ಸಣ್ಣಕರುಳಿನಲ್ಲಿ ಒಡೆದು, ಒಳಗಿನ ಭ್ರೂಣ ಕರುಳಿನ ಗೋಡೆ ತೂರಿ ರಕ್ತಕ್ಕೆ ಇಳಿಯುತ್ತದೆ. ಕರುಳಿನ ರಕ್ತವೆಲ್ಲ ಮೊದಲು ಹೋಗುವುದು ಯಕೃತ್ತಿಗೆ; ಹಾಗಾಗಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿಯಲ್ಲಿ ಗುಳ್ಳೆ ಕಾಣುವುದು ಅಲ್ಲಿಯೇ, ಅದೂ ಹೆಚ್ಚಾಗಿ ಬಲಭಾಗದಲ್ಲಿ. ಅಲ್ಲಿಂದ ತಪ್ಪಿಸಿಕೊಂಡವು ಶ್ವಾಸಕೋಶದಲ್ಲಿ ನಿಲ್ಲುತ್ತವೆ. ಬೆಳವಣಿಗೆ ಬಹಳ ನಿಧಾನ. ಬಾಲ್ಯದಲ್ಲಿ ಕುರಿನಾಯಿಯ ಜೊತೆ ಆಡುವಾಗ ಒಳಸೇರಿದ ಮೊಟ್ಟೆ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಗುಳ್ಳೆಯಾಗಿ ಪತ್ತೆಯಾಗಬಹುದು. ಇಲ್ಲೊಂದು ತಪ್ಪು ನಂಬಿಕೆಯನ್ನು ನೇರವಾಗಿ ಅಲ್ಲಗಳೆಯಬೇಕು: ಕುರಿ ಮಾಂಸ ತಿಂದು ಮನುಷ್ಯನಿಗೆ ಈ ಗುಳ್ಳೆ ಬರುವುದಿಲ್ಲ. ಕುರಿಯಿಂದ ನಾಯಿಗೆ, ನಾಯಿಯಿಂದ ನಮಗೆ ಎಂಬುದೇ ಹಾದಿ. ರೋಗಿಯಿಂದ ಮನೆಯವರಿಗೂ ಹರಡುವುದಿಲ್ಲ. ಗುಳ್ಳೆ ಎಂದು ತಿಳಿದಾಕ್ಷಣ ಸೊಸೆಯ ತಟ್ಟೆ ಲೋಟ ಬೇರೆ ಇಡುವ ಮನೆಗಳಿಗೆ ಇದನ್ನು ಎರಡು ಬಾರಿ ಹೇಳಬೇಕು.

ಗುಳ್ಳೆಗೆ ಮೂರು ಪದರ. ಒಳಗಿನದು ಜೀವಂತ ಪದರ. ಹೊಸ ಹುಳುವಿನ ತಲೆಗಳು, ಮರಿಗುಳ್ಳೆಗಳು ಹುಟ್ಟುವುದು ಅಲ್ಲಿ. ಅದರ ಹೊರಗೆ ಬೆಂದ ಮೊಟ್ಟೆಯ ಬಿಳಿಯಂತೆ ಕಾಣುವ ಪದರ. ಇವೆರಡನ್ನೂ ಸುತ್ತುವರಿದ ಮೂರನೆಯದು ಹುಳುವಿನದಲ್ಲ, ನಮ್ಮದೇ ದೇಹ ಕಟ್ಟಿದ ನಾರಿನ ಗೋಡೆ. ಶಸ್ತ್ರಚಿಕಿತ್ಸೆಯ ಎಲ್ಲ ವಾದ ವಿವಾದ ಈ ಮೂರನೆಯ ಗೋಡೆಯನ್ನು ತೆಗೆಯಬೇಕೇ, ಬಿಡಬೇಕೇ ಎಂಬುದರ ಸುತ್ತ ನಡೆಯುತ್ತದೆ. ಒಳಗೆ ತುಂಬಿರುವುದು ಸ್ಫಟಿಕದಂಥ ತಿಳಿನೀರು. ನೋಡಲು ಅಷ್ಟು ನಿರ್ಮಲವಾದ ಆ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಎರಡು ಅನಾಹುತ: ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ತರುವ ತೀವ್ರ ಅಲರ್ಜಿ ಒಂದು, ಚೆಲ್ಲಿದ ಪ್ರತಿ ಕಣವೂ ವರ್ಷಗಳ ನಂತರ ಹೊಸ ಗುಳ್ಳೆಯಾಗುವ ಸಾಧ್ಯತೆ ಇನ್ನೊಂದು. ಮರ ಹತ್ತುವಾಗ ಬಿದ್ದು, ಬೈಕಿನಿಂದ ಉರುಳಿ, ಎತ್ತು ಹಾಯ್ದು ಗುಳ್ಳೆ ಒಡೆಯುವುದುಂಟು. ಇನ್ನು ಕೆಲವರಲ್ಲಿ ಅದು ಪಿತ್ತನಾಳಕ್ಕೆ ತೂತು ಮಾಡಿ, ಪೊರೆಯ ಚೂರುಗಳು ನಾಳದಲ್ಲಿ ಸಿಕ್ಕಿಕೊಂಡು ಚಳಿಜ್ವರ, ಕಾಮಾಲೆ ಬರುತ್ತದೆ. ಕಾಮಾಲೆ ಎಂದರೆ ನಾಟಿ ಔಷಧಿ ಎಂಬ ರೂಢಿ ನಮ್ಮಲ್ಲಿ ಗಟ್ಟಿ. ಈ ಬಗೆಯ ಕಾಮಾಲೆಯಲ್ಲಿ ನಾಳ ಬಿಡಿಸದೆ ಕಳೆಯುವ ಪ್ರತಿ ದಿನವೂ ಸೋಂಕು ರಕ್ತಕ್ಕೇರಲು ಕೊಟ್ಟ ಅವಕಾಶ.

ಹಂತವೇ ಆಧಾರ

ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರ ಗುಂಪು 2003ರಲ್ಲಿ ಅಲ್ಟ್ರಾಸೌಂಡ್‌ನಲ್ಲಿ ಕಾಣುವ ರೂಪವನ್ನು ಆಧರಿಸಿ ಈ ಗುಳ್ಳೆಗಳನ್ನು ವಿಂಗಡಿಸಿತು. ಯಾವ ಹಂತಕ್ಕೆ ಯಾವ ಚಿಕಿತ್ಸೆ ಎಂಬ ಒಮ್ಮತದ ಸಲಹೆ 2010ರಲ್ಲಿ ಪ್ರಕಟವಾಯಿತು. ಸಿಇ ಎಂಬುದು ಈ ಕಾಯಿಲೆಯ ವೈದ್ಯಕೀಯ ಹೆಸರಾದ ಸಿಸ್ಟಿಕ್ ಎಕಿನೋಕಾಕೋಸಿಸ್‌ನ ಚುಟುಕು ರೂಪ. ಸಿಇ 1 ಎಂದರೆ ತಿಳಿನೀರು ತುಂಬಿದ ಒಂಟಿ ಗುಳ್ಳೆ. ಸಿಇ 2ರಲ್ಲಿ ಒಳಗೆಲ್ಲ ಮರಿಗುಳ್ಳೆಗಳು ಒತ್ತೊತ್ತಾಗಿ ತುಂಬಿರುತ್ತವೆ. ಇವೆರಡೂ ಚುರುಕಾಗಿ ಜೀವಂತವಾಗಿರುವ ಹಂತಗಳು. ಸಿಇ 3ರಲ್ಲಿ ಎರಡು ಬಗೆ: ಒಳಪೊರೆ ಕಳಚಿಕೊಂಡು ನೀರಿನಲ್ಲಿ ತೇಲುತ್ತಿದ್ದರೆ 3ಎ, ಗಟ್ಟಿಯಾದ ಮುದ್ದೆಯ ನಡುವೆ ಮರಿಗುಳ್ಳೆಗಳು ಉಳಿದಿದ್ದರೆ 3ಬಿ. ಸಿಇ 4ರಲ್ಲಿ ನೀರು ಇಂಗಿಹೋಗಿ ಮಡಿಕೆ ಮಡಿಕೆಯಾದ ಪೊರೆ ಮಾತ್ರ ಉಳಿದಿರುತ್ತದೆ. ಸ್ಕ್ಯಾನ್ ಓದುವವರು ಅದನ್ನು ಉಣ್ಣೆಯ ಉಂಡೆ ಎನ್ನುತ್ತಾರೆ, ಚಳ್ಳಕೆರೆಯ ಕಂಬಳಿ ನೇಕಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಿಇ 5ರಲ್ಲಿ ಗೋಡೆಗೆ ಸುಣ್ಣ ಕಟ್ಟಿರುತ್ತದೆ. ಕೊನೆಯ ಎರಡೂ ಬಹುತೇಕ ಸತ್ತ ಗುಳ್ಳೆಗಳು.

ರಕ್ತ ಪರೀಕ್ಷೆ ಸಹಾಯಕ ಮಾತ್ರ. ಎಳೆಯ ಗುಳ್ಳೆಯಲ್ಲೂ ಸತ್ತ ಗುಳ್ಳೆಯಲ್ಲೂ ಅದು ಏನೂ ಇಲ್ಲ ಎಂದು ತೋರಿಸಿಬಿಡಬಹುದು. ಇನ್ನು ಸ್ಕ್ಯಾನಿನಲ್ಲಿ ಕಂಡ ನೀರ್ಗುಳ್ಳೆಗಳೆಲ್ಲ ಹೈಡಾಟಿಡ್ ಅಲ್ಲ. ಹುಳುವಿಗೂ ತಮಗೂ ಸಂಬಂಧವಿಲ್ಲದ ಸಾದಾ ಗುಳ್ಳೆಗಳು ಯಕೃತ್ತಿನಲ್ಲಿ ಬಹಳ ಸಾಮಾನ್ಯ, ಅವಕ್ಕೆ ಚಿಕಿತ್ಸೆಯೇ ಬೇಡ. ಇದಕ್ಕಿಂತ ಭಯದ ಗೊಂದಲ ಅಮೀಬಾ ಕೀವುಗಡ್ಡೆಯದು. ನಮ್ಮ ಕಡೆ ಅದೂ ಕಾಣಿಸಿಕೊಳ್ಳುವ ಕಾಯಿಲೆ. ಜ್ವರ, ನೋವು ಜೋರಾಗಿರುತ್ತವೆ, ದೊಡ್ಡದಾದರೆ ಸೂಜಿ ಹಾಕಿ ಕೀವು ತೆಗೆಯುತ್ತಾರೆ. ಹೈಡಾಟಿಡ್ ಗುಳ್ಳೆಯನ್ನು ಕೀವುಗಡ್ಡೆ ಎಂದು ಭಾವಿಸಿ, ಮುಂಜಾಗ್ರತೆಯಿಲ್ಲದೆ ಸೂಜಿ ಹಾಕಿದರೆ ಆಗುವ ಅನಾಹುತ ಮೇಲೆ ಹೇಳಿದ್ದೇ. ‘ಮನೆಯಲ್ಲಿ ಕುರಿ, ನಾಯಿ ಇವೆಯೇ’ ಎಂಬ ಒಂದು ಪ್ರಶ್ನೆಯನ್ನು ಸ್ಕ್ಯಾನಿಂಗ್ ಕೋಣೆಯಲ್ಲೇ ಕೇಳಿದರೆ ಎಷ್ಟೋ ಗೊಂದಲ ಅಲ್ಲಿಗೇ ತಿಳಿಯಾಗುತ್ತದೆ.

ಈಗ ಚಿಕಿತ್ಸೆಗೆ ಬರೋಣ. ಸಿಇ 4, ಸಿಇ 5 ಗುಳ್ಳೆ ತೊಂದರೆ ಕೊಡದೆ ಸುಮ್ಮನಿದ್ದರೆ ಮುಟ್ಟಬಾರದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸ್ಕ್ಯಾನ್ ಮಾಡಿಸಿ ನೋಡುತ್ತಿದ್ದರೆ ಸಾಕು. ಸತ್ತ ಹುಳುವಿನ ಗೂಡನ್ನು ತೆಗೆಯಲು ಬದುಕಿರುವ ಮನುಷ್ಯನ ಹೊಟ್ಟೆ ಕೊಯ್ಯುವುದರಲ್ಲಿ ಅರ್ಥವಿಲ್ಲ. ‘ಗಡ್ಡೆ ಇದೆ, ತೆಗೆಸಿಬಿಡೋಣ’ ಎಂಬ ಮನೆಯವರ ಆತುರ ಅರ್ಥವಾಗುವಂಥದ್ದೇ. ಆ ಆತುರಕ್ಕೆ ತಡೆ ಹಾಕಿ, ಕೂರಿಸಿಕೊಂಡು ಬಿಡಿಸಿ ಹೇಳುವ ಹತ್ತು ನಿಮಿಷ ವೈದ್ಯರಿಗೆ ಇರಬೇಕು.

ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಸಿಇ 1, ಸಿಇ 3ಎ ಗುಳ್ಳೆಗಳಿಗೆ ಆಲ್ಬೆಂಡಜೋಲ್ ಮಾತ್ರೆಯೊಂದೇ ಸಾಕಾಗಬಹುದು. ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುವ ಮಾತ್ರೆಯೇ ಇದು. ಆದರೆ ಆ ಒಂದು ಮಾತ್ರೆ ಕರುಳಿನ ಹುಳುವಿಗೆ. ಯಕೃತ್ತಿನ ಗುಳ್ಳೆಯ ಗೋಡೆ ದಾಟಿ ಔಷಧಿ ಒಳಗೆ ತಲುಪಬೇಕಾದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 15 ಮಿಲಿಗ್ರಾಂನಂತೆ ಎರಡು ಹೊತ್ತು, ತಿಂಗಳುಗಟ್ಟಲೆ, ನಡುವೆ ಬಿಡದೆ ತೆಗೆದುಕೊಳ್ಳಬೇಕು. ವಯಸ್ಕರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂನ ಎರಡು ಮಾತ್ರೆ. ಯಕೃತ್ತಿನ ಕಿಣ್ವಗಳು ಏರುವುದು, ಬಿಳಿ ರಕ್ತಕಣ ಇಳಿಯುವುದು ಇದರ ಅಡ್ಡಪರಿಣಾಮಗಳಾದ್ದರಿಂದ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು. ಗರ್ಭಿಣಿಯರಿಗೆ, ಮುಖ್ಯವಾಗಿ ಮೊದಲ ತಿಂಗಳುಗಳಲ್ಲಿ ಕೊಡುವಂತಿಲ್ಲ. ಹರೆಯದ ಹೆಣ್ಣುಮಕ್ಕಳಿಗೆ ಬರೆದುಕೊಡುವ ಮುನ್ನ ಈ ಮಾತು ಸ್ಪಷ್ಟವಾಗಬೇಕು.

ಇಲ್ಲೇ ನಮ್ಮ ಊರುಗಳದ್ದೇ ಒಂದು ತೊಡಕಿದೆ. ಆಲ್ಬೆಂಡಜೋಲ್ ಖಾಲಿ ಹೊಟ್ಟೆಯಲ್ಲಿ ರಕ್ತಕ್ಕೆ ಸೇರುವುದು ಅತಿ ಕಡಿಮೆ. ಕೊಬ್ಬಿನಂಶವಿರುವ ಊಟದ ಜೊತೆ ತೆಗೆದುಕೊಂಡರೆ ಹಲವು ಪಟ್ಟು ಹೆಚ್ಚು ಸೇರುತ್ತದೆ. ನಮ್ಮಲ್ಲಿ ಲಿವರಿನ ಕಾಯಿಲೆ ಎಂದು ಕೇಳಿದ ಕೂಡಲೇ ಅಜ್ಜಿಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರೂ ಹೇಳುವುದು ಎಣ್ಣೆ, ತುಪ್ಪ, ಬೆಣ್ಣೆ ಬಿಡಬೇಕು ಎಂದೇ. ರೋಗಿ ಗಂಜಿ ಕುಡಿದು ಮಾತ್ರೆ ನುಂಗುತ್ತಾನೆ. ಆರು ತಿಂಗಳಾದರೂ ಗುಳ್ಳೆ ಕರಗಲಿಲ್ಲ, ಔಷಧಿ ನಾಟಲಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ನಾಟದೆ ಹೋದದ್ದು ಪಥ್ಯದಿಂದ. ಮಾತ್ರೆ ಬರೆಯುವಾಗ ‘ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಉಂಡು, ಆಮೇಲೆ ನುಂಗಿ’ ಎಂಬ ಒಂದು ವಾಕ್ಯವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಎಷ್ಟೋ ಆಪರೇಷನ್ ತಪ್ಪೀತು.

ಇನ್ನೊಂದು ತೊಡಕು ವಲಸೆ. ಬಯಲುಸೀಮೆಯಲ್ಲಿ ಮೇವು ಕಡಿಮೆಯಾದಾಗ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಭದ್ರಾ ಅಚ್ಚುಕಟ್ಟಿನ ಕಡೆ ಹೊರಡುತ್ತಾರೆ. ಕೊಯ್ಲಾದ ಗದ್ದೆಗಳಲ್ಲಿ ಕುರಿ ತರುಬಿ ಗೊಬ್ಬರಕ್ಕೆ ಪ್ರತಿಯಾಗಿ ಕಾಳು, ಕಾಸು ಪಡೆಯುತ್ತಾರೆ. ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡದೆ ಹದಿನೈದು ದಿನಕ್ಕೊಮ್ಮೆ ಬಾ ಎಂದರೆ ಆ ಮನುಷ್ಯ ಎಲ್ಲಿಂದ ಬರಬೇಕು? ಹೊನ್ನಾಳಿಯ ಗದ್ದೆಯಲ್ಲಿರುವವನಿಗೆ ಅಲ್ಲಿಯ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿ ಮಾತ್ರೆ ಮುಂದುವರಿಸುವ ಏರ್ಪಾಡು ಇರಬೇಕು.

ಸೂಜಿಯ ದಾರಿ

ಗುಳ್ಳೆಗೆ ಸೂಜಿ ಚುಚ್ಚುವುದು ಮಹಾಪರಾಧ ಎಂದು ವೈದ್ಯಕೀಯ ಲೋಕ ಬಹುಕಾಲ ನಂಬಿತ್ತು. 1980ರ ದಶಕದ ನಡುವಿನಲ್ಲಿ ಟುನೀಸಿಯಾದ ವೈದ್ಯರು ಆ ನಂಬಿಕೆಯನ್ನು ಬದಲಿಸಿದರು. ‘ಪೇರ್’ ಎಂದು ಕರೆಯುವ ಅವರ ವಿಧಾನದಲ್ಲಿ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಚುಚ್ಚುತ್ತಾರೆ, ನೀರು ಹೀರುತ್ತಾರೆ, ಹುಳುವಿನ ತಲೆಗಳನ್ನು ಕೊಲ್ಲುವ ಶೇ. 20ರ ಉಪ್ಪುನೀರನ್ನೋ ಶೇ. 95ರ ಆಲ್ಕೋಹಾಲನ್ನೋ ಒಳಬಿಟ್ಟು ಕೆಲ ನಿಮಿಷ ಕಾಯುತ್ತಾರೆ, ಮತ್ತೆ ಹೀರಿ ತೆಗೆಯುತ್ತಾರೆ. ಸೂಜಿ ನೇರವಾಗಿ ಗುಳ್ಳೆಗೆ ಇಳಿಯದೆ ಯಕೃತ್ತಿನ ಒಂದಿಷ್ಟು ದಪ್ಪ ಮಾಂಸವನ್ನು ಹಾದು ಹೋಗುವಂತೆ ದಾರಿ ಆರಿಸಿಕೊಳ್ಳುವುದರಿಂದ ಹನಿ ಜಿನುಗಿದರೂ ಹೊಟ್ಟೆಗೆ ಚೆಲ್ಲುವುದಿಲ್ಲ. ಸೂಜಿ ಹಾಕುವ ಮೊದಲೇ ಆಲ್ಬೆಂಡಜೋಲ್ ಶುರುಮಾಡಿ, ನಂತರ ಕನಿಷ್ಠ ಒಂದು ತಿಂಗಳು ಮುಂದುವರಿಸುತ್ತಾರೆ. ಅಲರ್ಜಿ ಆದರೆ ಎದುರಿಸಲು ಅರಿವಳಿಕೆ ತಜ್ಞರು, ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು. ಇವಿಲ್ಲದ ಕಡೆ ಸೂಜಿಯನ್ನು ಮುಟ್ಟಬಾರದು.

ಐದರಿಂದ ಹತ್ತು ಸೆಂಟಿಮೀಟರ್ ಗಾತ್ರದ ಸಿಇ 1, ಸಿಇ 3ಎ ಗುಳ್ಳೆಗಳಿಗೆ ಇದು ಒಳ್ಳೆಯ ಆಯ್ಕೆ. ಹತ್ತಕ್ಕಿಂತ ದೊಡ್ಡದಾದರೆ ನಳಿಕೆಯನ್ನು ಕೆಲದಿನ ಒಳಗೇ ಇರಿಸಿ ಬಸಿಯುವ ಕ್ರಮವಿದೆ. ಆದರೆ ಮರಿಗುಳ್ಳೆ ತುಂಬಿದ ಸಿಇ 2, ಸಿಇ 3ಬಿಗೆ ಸಾದಾ ಸೂಜಿ ಸಾಲದು. ಒಂದರ ನೀರು ತೆಗೆದರೆ ಪಕ್ಕದ್ದು ಹಾಗೇ ಉಳಿದು ಮತ್ತೆ ಬೆಳೆಯುತ್ತದೆ. ಇನ್ನೊಂದು ನಿಯಮವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಹೀರಿದ ನೀರಿನಲ್ಲಿ ಪಿತ್ತದ ಬಣ್ಣ ಕಂಡರೆ ಗುಳ್ಳೆಗೂ ಪಿತ್ತನಾಳಕ್ಕೂ ಸಂಪರ್ಕವಿದೆ ಎಂದರ್ಥ. ಆಗ ಆಲ್ಕೋಹಾಲನ್ನೋ ಗಾಢ ಉಪ್ಪುನೀರನ್ನೋ ಒಳಬಿಡಕೂಡದು. ಬಿಟ್ಟರೆ ಪಿತ್ತನಾಳಗಳು ಸುಟ್ಟು ಕಿರಿದಾಗಿ, ಗುಳ್ಳೆಗಿಂತ ಕ್ರೂರವಾದ ಕಾಯಿಲೆ ಹುಟ್ಟುತ್ತದೆ. ಹಿಂದೆ ಫಾರ್ಮಲಿನ್ ಬಳಸಿದ ಕಾಲದಲ್ಲಿ ಹೀಗಾಗಿ ಯಕೃತ್ತನ್ನೇ ಕಳೆದುಕೊಂಡವರಿದ್ದಾರೆ.

ಕತ್ತರಿ ಬೇಕಾದಾಗ

ಮರಿಗುಳ್ಳೆ ತುಂಬಿದ ದೊಡ್ಡ ಗುಳ್ಳೆ, ಯಕೃತ್ತಿನ ಮೇಲ್ಮೈಗೆ ಬಂದು ಯಾವಾಗ ಬೇಕಾದರೂ ಒಡೆಯುವಂತಿರುವುದು, ಕೀವು ತುಂಬಿ ಸೂಜಿಯಿಂದ ಬಗೆಹರಿಯದ್ದು, ಪಿತ್ತನಾಳಕ್ಕೆ ತೂತು ಬಿದ್ದದ್ದು, ಪಕ್ಕದ ಅಂಗಗಳನ್ನು ಒತ್ತುತ್ತಿರುವುದು, ಆಗಲೇ ಒಡೆದದ್ದು ಇವಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಆದರೆ ಯಾವ ಶಸ್ತ್ರಚಿಕಿತ್ಸೆ ಎಂಬಲ್ಲಿ ಎರಡು ಪಂಥಗಳಿವೆ.

ಮೊದಲನೆಯದು ಸಂರಕ್ಷಕ ಪಂಥ. ಹೊಟ್ಟೆ ತೆರೆದು, ಗುಳ್ಳೆಯ ಸುತ್ತ ಹುಳು ಕೊಲ್ಲುವ ದ್ರಾವಣದಲ್ಲಿ ನೆನೆಸಿದ ಬಟ್ಟೆಗಳನ್ನು ಒತ್ತಾಗಿ ಹಾಸುತ್ತಾರೆ. ಚೆಲ್ಲುವ ಒಂದು ಹನಿಯೂ ಹೊಟ್ಟೆಯ ಒಳಪದರವನ್ನು ಮುಟ್ಟಬಾರದು. ಸೂಜಿಯಲ್ಲಿ ನೀರು ಹೀರಿ ಒತ್ತಡ ಇಳಿಸಿ, ಪಿತ್ತ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ದ್ರಾವಣ ಬಿಟ್ಟು ಕಾಯುತ್ತಾರೆ. ಆಮೇಲೆ ಗುಳ್ಳೆಯನ್ನು ತೆರೆದು ಬಿಳಿ ಪೊರೆ, ಮರಿಗುಳ್ಳೆಗಳನ್ನೆಲ್ಲ ತೆಗೆದು, ಹೊರಚಾಚಿದ ಗೋಡೆಯಷ್ಟನ್ನು ಕತ್ತರಿಸುತ್ತಾರೆ. ಒಳಗೆ ಬಿಳಿ ಬಟ್ಟೆಯಿಟ್ಟು ಹಳದಿ ಕಲೆ ಮೂಡುತ್ತದೆಯೇ ಎಂದು ನೋಡುತ್ತಾರೆ. ಮೂಡಿದರೆ ಅಲ್ಲೊಂದು ಪಿತ್ತನಾಳ ಬಾಯಿ ತೆರೆದಿದೆ, ಅದನ್ನು ಹೊಲಿಯಬೇಕು. ಉಳಿದ ಟೊಳ್ಳಿನೊಳಗೆ ಹೊಟ್ಟೆಯಲ್ಲೇ ಇರುವ ಕೊಬ್ಬಿನ ಪದರವನ್ನು, ಅದರ ರಕ್ತನಾಳ ಕಡಿಯದಂತೆ, ಎಳೆದು ತುಂಬಿಸುತ್ತಾರೆ. ಟೊಳ್ಳು ಖಾಲಿ ಬಿಟ್ಟರೆ ಪಿತ್ತ, ಕೀವು ಅಲ್ಲಿ ನಿಲ್ಲುತ್ತದೆ. ನಾರಿನ ಗೋಡೆಯ ಒಳಭಾಗವನ್ನು ಯಕೃತ್ತಿಗೇ ಬಿಡುವುದರಿಂದ ರಕ್ತಸ್ರಾವ ಕಡಿಮೆ. ಜಿಲ್ಲಾ ಮಟ್ಟದಲ್ಲಿ ಅನುಭವಿ ಶಸ್ತ್ರಚಿಕಿತ್ಸಕರು ಮಾಡಬಲ್ಲದ್ದು ಇದು. ಕೊರತೆಯೆಂದರೆ ಗೋಡೆಯಲ್ಲಿ ಅಡಗಿದ ಮರಿಗುಳ್ಳೆ ಮತ್ತೆ ಬೆಳೆಯುವ ಸಂಭವ, ಟೊಳ್ಳಿನಿಂದ ಪಿತ್ತ ಸೋರುವ ಸಂಭವ.

ಎರಡನೆಯದು ಸಮೂಲ ಪಂಥ. ಗುಳ್ಳೆಯನ್ನು ತೆರೆಯದೆಯೇ ನಾರಿನ ಗೋಡೆಸಮೇತ ಯಕೃತ್ತಿನಿಂದ ಬಿಡಿಸಿ ತೆಗೆಯುವುದು, ಅಥವಾ ಗುಳ್ಳೆಯಿರುವ ಯಕೃತ್ತಿನ ಭಾಗವನ್ನೇ ಕತ್ತರಿಸಿ ತೆಗೆಯುವುದು. ಮರುಕಳಿಸುವುದು ಕಡಿಮೆ, ಪಿತ್ತ ಸೋರುವುದೂ ಕಡಿಮೆ. ಆದರೆ ದೊಡ್ಡ ರಕ್ತನಾಳಗಳ ಪಕ್ಕ ಗೋಡೆ ಬಿಡಿಸುವಾಗ ಕೈ ಒಂದಿಷ್ಟು ತಪ್ಪಿದರೂ ರಕ್ತ ಹರಿಯುತ್ತದೆ. ಯಕೃತ್ತಿನ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ತಂಡ, ರಕ್ತನಿಧಿ, ತೀವ್ರ ನಿಗಾ ಘಟಕ ಮೂರೂ ಇದ್ದಾಗ ಮಾತ್ರ ಇದು ಲೇಸು.

ನನ್ನ ತೀರ್ಪು ಇಷ್ಟು. ಯಾವ ಪಂಥ ಶ್ರೇಷ್ಠ ಎಂಬ ಸಮ್ಮೇಳನದ ಚರ್ಚೆಯನ್ನು ಹಾಗೇ ನಮ್ಮ ರೋಗಿಯ ಮೇಲೆ ಹೇರಬಾರದು. ಇದು ಕ್ಯಾನ್ಸರ್ ಅಲ್ಲ. ಯಕೃತ್ತಿನ ಅಂಚಿನಲ್ಲಿ, ಕೈಗೆ ಸಿಗುವಂತಿರುವ ಗುಳ್ಳೆಯನ್ನು ಸಮೂಲವಾಗಿ ತೆಗೆಯುವುದು ನ್ಯಾಯ. ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆಗೆ ಅಂಟಿಕೊಂಡದ್ದನ್ನು ಹಟ ಹಿಡಿದು ಪೂರ್ತಿ ಬಿಡಿಸಲು ಹೋಗುವುದು ಅನ್ಯಾಯ. ಅಂಥದ್ದಕ್ಕೆ ಗೋಡೆಯ ಒಂದು ತುಣುಕು ಬಿಟ್ಟು, ಮಾತ್ರೆ ಮುಂದುವರಿಸಿ ಕಾಯುವುದರಲ್ಲಿ ಸೋಲೇನೂ ಇಲ್ಲ.

ಲ್ಯಾಪರೋಸ್ಕೋಪಿಯ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಸಣ್ಣ ಗಾಯ, ಬೇಗ ಮನೆಗೆ, ಬೇಗ ಕುರಿಯ ಹಿಂದೆ. ಮೊದಮೊದಲು ಇದ್ದ ಹೆದರಿಕೆ ಸುಳ್ಳೇನಲ್ಲ: ಅನಿಲ ತುಂಬಿಸಿದ ಹೊಟ್ಟೆಯಲ್ಲಿ ಗುಳ್ಳೆ ಒಡೆದರೆ ನೀರು ಎಲ್ಲೆಡೆ ಸಿಡಿಯುತ್ತದೆ. ಇದಕ್ಕೆ ಉತ್ತರವಾಗಿ ಕೊಯಮತ್ತೂರಿನ ಶಸ್ತ್ರಚಿಕಿತ್ಸಕ ಡಾ. ಸಿ. ಪಳನಿವೇಲು ಗುಳ್ಳೆಯ ಗೋಡೆಗೆ ಕಚ್ಚಿ ಕೂತು, ಒಳಗಿನದ್ದೆಲ್ಲವನ್ನೂ ಹೊರಚೆಲ್ಲದಂತೆ ಹೀರಿಕೊಳ್ಳುವ ವಿಶೇಷ ನಳಿಕೆಯನ್ನು ರೂಪಿಸಿದರು. ಅವರ ಹೆಸರಿನಲ್ಲೇ ಅದು ಪ್ರಸಿದ್ಧ. ಯಕೃತ್ತಿನ ಮುಂಭಾಗದಲ್ಲಿ, ಮೇಲ್ಮೈಗೆ ಹತ್ತಿರವಿರುವ, ಒಂದೆರಡು ಗುಳ್ಳೆಗಳಿಗೆ ಈ ದಾರಿ ಚೆನ್ನ. ಹಿಂಬದಿಯ ಆಳದಲ್ಲಿ ಕೂತದ್ದು, ಹಲವಾರು ಇರುವುದು, ದಪ್ಪಗೆ ಸುಣ್ಣ ಕಟ್ಟಿದ್ದು, ನಾಳಕ್ಕೆ ತೂತಾದದ್ದು ಇವಕ್ಕೆ ತೆರೆದ ಶಸ್ತ್ರಚಿಕಿತ್ಸೆಯೇ ಸುರಕ್ಷಿತ. ನಾಳಕ್ಕೆ ಪೊರೆ ಸಿಕ್ಕಿಕೊಂಡು ಕಾಮಾಲೆಯಾಗಿದ್ದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿ ಬಿಡಿಸಿ ಸ್ವಚ್ಛ ಮಾಡಬಹುದು. ಆಪರೇಷನ್ ನಂತರ ಪಿತ್ತ ಸೋರುತ್ತಲೇ ಇದ್ದರೂ ಅದೇ ದಾರಿಯಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇರಿಸಿದರೆ ಬಹುತೇಕ ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಈ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸರಾಸರಿ ಶೇ. 2.2ರಷ್ಟು ಮಂದಿ ಸಾಯುತ್ತಾರೆ, ಶೇ. 6.5ರಷ್ಟು ಮಂದಿಗೆ ಮರುಕಳಿಸುತ್ತದೆ. ಹೊಲಿಗೆ ಬಿಚ್ಚಿದ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ ಎಂಬುದನ್ನು ಈ ಎರಡನೆಯ ಅಂಕಿ ಹೇಳುತ್ತದೆ. ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆಯಂತೆ ಕನಿಷ್ಠ ಐದು ವರ್ಷ ಸ್ಕ್ಯಾನ್ ನಡೆಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಒಳರೋಗಿಯಾಗಿ ದಾಖಲಾದವರ ಚಿಕಿತ್ಸೆಗೆ ಆಸರೆ. ಕೊಯ್ಯಲು ನೆರವು ಸಿಗುತ್ತದೆ, ಕೊಯ್ಯದೆ ಗುಣಪಡಿಸುವ ತಿಂಗಳುಗಟ್ಟಲೆ ಮಾತ್ರೆ, ಪದೇಪದೇ ರಕ್ತ ಪರೀಕ್ಷೆ, ಬಸ್ ಖರ್ಚು ರೋಗಿಯ ಜೇಬಿನ ಮೇಲೆ ಬೀಳುತ್ತವೆ. ಹೀಗಾದಾಗ ತೀರ್ಮಾನ ಗೊತ್ತಿಲ್ಲದಂತೆಯೇ ಕತ್ತರಿಯ ಕಡೆ ವಾಲುತ್ತದೆ. ಆಲ್ಬೆಂಡಜೋಲ್ ದುಬಾರಿ ಔಷಧಿಯಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಶಾಲಾ ಮಕ್ಕಳಿಗೆ ಮಾತ್ರವಲ್ಲ, ಈ ರೋಗಿಗಳಿಗೂ ತಿಂಗಳ ಲೆಕ್ಕದಲ್ಲಿ ಸಿಗುವಂತಾಗಬೇಕು.

ನಾಯಿಯ ಮಾತು ಆಡದೆ ಮುಗಿಯದು

ಆಸ್ಪತ್ರೆಯಲ್ಲಿ ಒಬ್ಬರ ಗುಳ್ಳೆ ತೆಗೆಯುವ ಹೊತ್ತಿಗೆ ಹಟ್ಟಿಯಲ್ಲಿ ಹೊಸ ಮೊಟ್ಟೆ ಮಣ್ಣಿಗೆ ಬೀಳುತ್ತಿರುತ್ತದೆ. ಬೀದಿನಾಯಿಗಳ ಬಗ್ಗೆ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶ ದೇಶವಿಡೀ ಚರ್ಚೆಯಾಯಿತು. ಹಿಡಿದ ನಾಯಿಗಳಿಗೆ ಸಂತಾನಹರಣ, ಲಸಿಕೆ, ಜೊತೆಗೆ ಜಂತುಹುಳು ನಿವಾರಣೆ ಮಾಡಿ ಅದೇ ಜಾಗಕ್ಕೆ ಬಿಡಬೇಕು ಎಂದಿತು ಕೋರ್ಟ್. ರೇಬಿಸ್ ಇರುವ, ಆಕ್ರಮಣಕಾರಿಯಾದ ನಾಯಿಗಳನ್ನು ಹೊರತುಪಡಿಸಿ. ಕಚ್ಚುವ ನಾಯಿಯ ಗದ್ದಲದಲ್ಲಿ ಜಂತುಹುಳುವಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಹೈಡಾಟಿಡ್ ಲೆಕ್ಕದಲ್ಲಿ ಅದೇ ಮುಖ್ಯ ಮಾತು. ಆದರೆ ಒಮ್ಮೆ ಹುಳು ಬೀಳಿಸಿ ಬಿಟ್ಟರೆ ಆಗದು. ಗುಳ್ಳೆಯಿದ್ದ ಯಕೃತ್ತು ತಿಂದ ನಾಯಿಯ ಕರುಳಿನಲ್ಲಿ ಸುಮಾರು ಆರು ವಾರಕ್ಕೆ ಹುಳು ಬಲಿತು ಮೊಟ್ಟೆ ಇಡತೊಡಗುತ್ತದೆ. ಪ್ರಾಜಿಕ್ವಾಂಟೆಲ್ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮತ್ತೆ ಅದೇ ಕರುಳು ಕಸ ತಿಂದರೆ ಮತ್ತೆ ಅದೇ ಕಥೆ. ಊರ ಬೀದಿನಾಯಿಗಿಂತಲೂ ಮಂದೆಯ ಜೊತೆ ನಡೆಯುವ ಕಾವಲು ನಾಯಿ ಇಲ್ಲಿ ಹೆಚ್ಚು ಗಮನಕ್ಕೆ ಅರ್ಹ. ಅದು ಯಾವ ನಗರಸಭೆಯ ಪಟ್ಟಿಯಲ್ಲೂ ಇರುವುದಿಲ್ಲ.

ಐಸ್‌ಲೆಂಡ್‌ನ ಉದಾಹರಣೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಕುರಿ, ನಾಯಿ, ಬಡತನ ಎಲ್ಲವೂ ಇದ್ದವು; ಹೈಡಾಟಿಡ್ ಮನೆಮನೆಯ ಕಾಯಿಲೆಯಾಗಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ನಾಯಿಗಳನ್ನು ಪರೀಕ್ಷಿಸಿ, ಜನಸಾಮಾನ್ಯರಿಗೆ ಅರ್ಥವಾಗುವ ಕಿರುಪುಸ್ತಿಕೆ ಬರೆದರು. ಅದನ್ನು ಮನೆಮನೆಗೆ ಹಂಚಿದರು. ಗುಳ್ಳೆಯಿರುವ ಅಂಗಗಳನ್ನು ಹೂಳಬೇಕು ಅಥವಾ ಸುಡಬೇಕು ಎಂಬುದು ರೂಢಿಗೂ ಕಾನೂನಿಗೂ ಬಂತು. ಓದು ಬಲ್ಲ ಜನ ಅದನ್ನು ಪಾಲಿಸಿದರು. ಯಾವ ಲಸಿಕೆಯೂ ಸ್ಕ್ಯಾನೂ ಇಲ್ಲದ ಕಾಲದಲ್ಲಿ ಶುರುವಾದ ಆ ಕೆಲಸದಿಂದ ದ್ವೀಪದಲ್ಲಿ ಕಾಯಿಲೆಯೇ ಇಲ್ಲವಾಯಿತು. ನ್ಯೂಜಿಲೆಂಡ್ 2002ರಲ್ಲಿ ತಾನೂ ಈ ಕಾಯಿಲೆಯಿಂದ ಬಿಡುಗಡೆಯ ಹಂತ ತಲುಪಿದೆ ಎಂದು ಘೋಷಿಸಿಕೊಂಡಿತು. ಕುರಿಗಳಿಗೆ ಹಾಕುವ ಇಜಿ 95 ಎಂಬ ಲಸಿಕೆ ಈಗ ಇದೆ. ಚೀನಾ, ಅರ್ಜೆಂಟೀನಾಗಳಲ್ಲಿ ಬಳಕೆಯಾಗಿದೆ.

ನಮ್ಮಲ್ಲಿ ಆಗಬೇಕಾದದ್ದು ಅಷ್ಟು ದೂರದ್ದೇನೂ ಅಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಮನೆಮನೆಯಲ್ಲಿ ಬಾಡೂಟ. ಹಳ್ಳಿಗಳ ಮಾರಿಹಬ್ಬ, ಹರಕೆ, ಮದುವೆಯ ಮರುದಿನದ ಊಟ ಎಲ್ಲದರಲ್ಲೂ ಕುರಿ ಬೀಳುವುದು ಕಸಾಯಿಖಾನೆಯಲ್ಲಲ್ಲ, ಹಿತ್ತಿಲಲ್ಲಿ. ಎಳೆಯ ಟಗರಿನಲ್ಲಿ ಬಲಿತ ಗುಳ್ಳೆ ಅಪರೂಪ. ಹಳೆಯ ಕುರಿಯಲ್ಲಿ, ಹಾದಿಯಲ್ಲಿ ಸತ್ತುಬಿದ್ದ ಕುರಿಯಲ್ಲಿ ಹೆಚ್ಚು. ಕೊಯ್ಯುವವರು ಈ ಗುಳ್ಳೆಗಳನ್ನು ನಿತ್ಯ ನೋಡುತ್ತಾರೆ. ‘ನೀರ್ಗುಳ್ಳೆ ಇದೆ’ ಎಂದು ಆ ತುಂಡನ್ನು ಕತ್ತರಿಸಿ ಪಕ್ಕಕ್ಕೆ ಎಸೆಯುತ್ತಾರೆ. ಪಕ್ಕದಲ್ಲಿ ನಾಯಿ ಕೂತಿರುತ್ತದೆ. ಆ ತುಂಡನ್ನು ಆಳವಾಗಿ ಹೂಳುವುದು, ಅಥವಾ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆ ನಾಯಿಗೆ ಹಾಕುವುದು, ಇಷ್ಟನ್ನು ಕಲಿಸಿದರೆ ಸಾಕು. 80 ಡಿಗ್ರಿ ಶಾಖದಲ್ಲಿ ಹತ್ತು ನಿಮಿಷಕ್ಕೇ ಹುಳುವಿನ ತಲೆಗಳು ಸಾಯುತ್ತವೆ. ಪಶುಪಾಲನಾ ಇಲಾಖೆಯವರು ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿಗೆ ಹೋದಾಗಲೇ ಅಲ್ಲಿನ ನಾಯಿಗೂ ಪ್ರಾಜಿಕ್ವಾಂಟೆಲ್ ಕೊಡಬಹುದು; ಮಾತ್ರೆ ಕೊಟ್ಟ ಮೊದಲ ದಿನಗಳ ಮಲವನ್ನು ಹೂಳುವಂತೆ ಹೇಳಬಹುದು.

ಇನ್ನು ವೈದ್ಯಕೀಯ ಕಾಲೇಜುಗಳ ಪಾಲು. ದಾವಣಗೆರೆಯಲ್ಲಿ 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜು ಇದೆ, ಎಸ್‌ಎಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಇದೆ. ಕೀನ್ಯಾದ ತುರ್ಕಾನಾ ಸೀಮೆಯ ಅಲೆಮಾರಿ ಪಶುಪಾಲಕರ ನಡುವೆ ವೈದ್ಯರು ದಶಕಗಳ ಹಿಂದೆಯೇ ಅಲ್ಟ್ರಾಸೌಂಡ್ ಯಂತ್ರ ಹೊತ್ತು ಹೋಗಿ ಗುಳ್ಳೆಗಳನ್ನು ಪತ್ತೆ ಮಾಡಿದ್ದರು. ಅರ್ಜೆಂಟೀನಾದ ರಿಯೊ ನೆಗ್ರೊ ಪ್ರಾಂತ್ಯದಲ್ಲಿ ಶಾಲಾ ಮಕ್ಕಳನ್ನು ಹೀಗೆಯೇ ಪರೀಕ್ಷಿಸಿ, ಚಿಕ್ಕದಿರುವಾಗಲೇ ಮಾತ್ರೆಯಲ್ಲಿ ಗುಣಪಡಿಸುತ್ತಾರೆ. ಅಂಥ ಯಂತ್ರ ಈಗ ಕೈಚೀಲದಲ್ಲಿ ಹಿಡಿಯುತ್ತದೆ. ಒಬ್ಬ ರೋಗಿಗೆ ಗುಳ್ಳೆ ಸಿಕ್ಕರೆ ಅದೇ ನಾಯಿಯ ಜೊತೆ, ಅದೇ ಅಂಗಳದಲ್ಲಿ ಬೆಳೆದ ಅಣ್ಣ ತಮ್ಮ, ಅಕ್ಕ ತಂಗಿಯರ ಹೊಟ್ಟೆಯನ್ನೂ ಒಮ್ಮೆ ನೋಡಬೇಕು. ಮಂದೆಗಳು ವಲಸೆ ಹೊರಡುವ ಮೊದಲು, ಹಟ್ಟಿಗಳಲ್ಲಿ ಎಲ್ಲರೂ ಸಿಗುವ ದಿನಗಳಲ್ಲಿ, ಚಳ್ಳಕೆರೆ ಮತ್ತು ಜಗಳೂರು ತಾಲ್ಲೂಕುಗಳಿಂದ ಇದನ್ನು ಶುರುಮಾಡಬಹುದು.